40 ಟನ್ ಕಬ್ಬು, ಮೂರು ದೂರು: ಮಂಡ್ಯದ ಒಂದು ಪ್ರಕರಣ

ನನ್ನದು ಮಂಡ್ಯದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ. ಜಿಲ್ಲಾಧಿಕಾರಿ ಕಚೇರಿಗೋ ತಾಲ್ಲೂಕು ಕಚೇರಿಗೋ ಹೋಗುವವರು ಮೊದಲು ನಮ್ಮಲ್ಲಿ ನಿಂತು ಅರ್ಜಿ ಬರೆಸಿಕೊಳ್ಳುತ್ತಾರೆ. 2025ರ ಅಕ್ಟೋಬರ್ ಮೊದಲ ವಾರ ಮದ್ದೂರು ಕಡೆಯಿಂದ ನಮ್ಮ ಚಿಕ್ಕಪ್ಪ ಬಂದರು. ಕೈಯಲ್ಲಿ ಬಿತ್ತನೆ ಭತ್ತದ ಹಳೇ ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಪಾಸ್‌ಬುಕ್ಕು, ರೇಷನ್ ಕಾರ್ಡು, ಸಕ್ಕರೆ ಕಾರ್ಖಾನೆಯ ಮೂರು ತೂಕದ ಚೀಟಿ.

‘ಬರಿ ಮಗ, ಡೆಲ್ಲಿಗೇ ಬರಿ. ಟೀವಿಲಿ ಟನ್ನಿಗೆ 3,550 ಅಂದವ್ರೆ, ಇವ್ರು 3,151 ಹಾಕವ್ರೆ. ಅದ್ರಲ್ಲೂ ಅರ್ಧ ಕೊಟ್ಟು ಕೂತವ್ರೆ. ತೂಕದಲ್ಲಿ ಬೇರೆ ಹೊಡ್ದವ್ರೆ.’

ಅಷ್ಟನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಅದನ್ನು ಹಾಗೆಯೇ ಟೈಪ್ ಮಾಡಿ, ಮೇಲೆ ಹತ್ತು ವಿಳಾಸ ಹಾಕಿ ಕಳಿಸುವುದು ನಮ್ಮ ಕಡೆ ವಾಡಿಕೆ. ಅವರ ಮಗ ಬೆಂಗಳೂರಿನಿಂದ ಮೊಬೈಲಿನಲ್ಲೇ ಕೇಂದ್ರದ ಕುಂದುಕೊರತೆ ಪೋರ್ಟಲಿಗೆ ಅದೇ ಮಾಡಿದ್ದ. ವಿಷಯ ರಾಜ್ಯ ಸರ್ಕಾರಕ್ಕೆ ಸೇರಿದ್ದು ಎಂದು ಬರೆದು ಪೋರ್ಟಲಿನವರು ದೂರು ಮುಗಿಸಿದ್ದರು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಚಿಕ್ಕಪ್ಪನ ಮಾತಿನಲ್ಲಿ ದರ, ಬಾಕಿ, ತೂಕ ಎಂಬ ಮೂರು ದೂರು ಇದ್ದವು. ಒಂದೊಂದಕ್ಕೆ ಒಂದೊಂದು ಮನೆ. ಒಂದರ ಕಾಗದ ಇನ್ನೊಂದರ ಬಾಗಿಲಿಗೆ ಹೋದರೆ ಆಚೆಯಿಂದಲೇ ವಾಪಸ್.

ಊರು, ಕಾರ್ಖಾನೆಯ ಹೆಸರು ಇಲ್ಲಿ ಬಿಟ್ಟಿದ್ದೇನೆ. ಲೆಕ್ಕ ತಿಳಿಯಾಗಲಿ ಎಂದು ಮೊತ್ತಗಳನ್ನು ದುಂಡಾಗಿಸಿದ್ದೇನೆ. ಸೆಪ್ಟೆಂಬರ್ 6ಕ್ಕೆ ಕಡಿದ ಕಬ್ಬು, ಮೂರು ಲೋಡಿನಿಂದ 40 ಟನ್. ಟನ್ನಿಗೆ 3,151ರಂತೆ 1,26,040 ರೂಪಾಯಿ. ಎಫ್‌ಆರ್‌ಪಿ, ಅಂದರೆ ಕೇಂದ್ರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರ, ಕಾರ್ಖಾನೆ ಗೇಟಿನ ಬೆಲೆ. ಕಟಾವು, ಸಾಗಣೆಯನ್ನು ಕಾರ್ಖಾನೆಯೇ ಮಾಡಿಸಿದರೆ ಅದನ್ನು ಅದರಲ್ಲೇ ಮುರಿದುಕೊಳ್ಳುತ್ತಾರೆ. ಇವರಿಗೆ ಟನ್ನಿಗೆ 900ರಂತೆ 36,000 ಮುರಿದಿದ್ದರು. ಉಳಿದದ್ದು 90,040. ಅದರಲ್ಲಿ 40,000 ಖಾತೆಗೆ ಬಂದಿತ್ತು. ಬಾಕಿ 50,040.

ದರ

ಟೀವಿ ಹೇಳಿದ್ದು ತಪ್ಪಲ್ಲ. 2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಕ್ವಿಂಟಲಿಗೆ 355 ರೂಪಾಯಿಗೆ ಒಪ್ಪಿಗೆ ಕೊಟ್ಟಿತ್ತು. ಆದರೆ ಅದು 2025-26ರ ಹಂಗಾಮಿಗೆ. ಸಕ್ಕರೆ ವರ್ಷ ಅಕ್ಟೋಬರ್ 1ಕ್ಕೆ ಹುಟ್ಟಿ ಸೆಪ್ಟೆಂಬರ್ 30ಕ್ಕೆ ಸಾಯುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯವರು ಕಡಿಯುವುದೇ ಅದು ಹುಟ್ಟಿದ ಮೇಲೆ. ಅವರಿಗೆ ಈ ಗೊಂದಲವಿಲ್ಲ. ನಮ್ಮ ಕಾರ್ಖಾನೆಗಳು ಜುಲೈ ಹೊತ್ತಿಗೇ ಅರೆಯಲು ಶುರುಮಾಡುತ್ತವೆ. ಹಾಗಾಗಿ ಮಂಡ್ಯದ ಕಬ್ಬಿನಲ್ಲಿ ಒಂದು ಪಾಲು ಸಾಯುತ್ತಿರುವ ವರ್ಷದ ಬಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಚಿಕ್ಕಪ್ಪನ ಕಬ್ಬು ಇಪ್ಪತ್ತೈದು ದಿನ ಗದ್ದೆಯಲ್ಲೇ ನಿಂತಿದ್ದರೆ ಹೊಸ ದರದ ಲೆಕ್ಕಕ್ಕೆ ಬರುತ್ತಿತ್ತು. ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಕಟಾವಿನ ಆದೇಶ ಬಂದು, ಗ್ಯಾಂಗ್ ಬಂದು ಗುಡಿಸಲು ಹಾಕಿದ ಮೇಲೆ ಬೇಡ ಅಂದವನಿಗೆ ಮತ್ತೆ ಸರದಿ ಯಾವಾಗ ಬರುತ್ತದೋ!

2024-25ರ ದರ ಕ್ವಿಂಟಲಿಗೆ 340. ಅದೂ ಸಕ್ಕರೆ ಇಳುವರಿ, ಅಂದರೆ ಅರೆದ ಕಬ್ಬಿನಲ್ಲಿ ಸಿಗುವ ಸಕ್ಕರೆಯ ಪಾಲು, ಶೇ 10.25 ಇದ್ದರೆ. ಇಳುವರಿ ಶೇ 0.1 ಇಳಿದ ಹಾಗೆಲ್ಲ 3.32 ರೂಪಾಯಿ ಇಳಿಯುತ್ತದೆ. ಶೇ 9.5ಕ್ಕಿಂತ ಎಷ್ಟೇ ಕೆಳಗೆ ಹೋದರೂ 315.10ಕ್ಕೆ ನಿಂತುಬಿಡುತ್ತದೆ. ಟನ್ನಿಗೆ 3,151 ಎಂದರೆ ಆ ನೆಲ ಮುಟ್ಟಿದ ದರ. ಕಾರ್ಖಾನೆ ಹಾಕಿದ ದರ ಕಾನೂನಿನ ಪ್ರಕಾರ ಸರಿಯಾಗಿತ್ತು. ಇದನ್ನು ಚಿಕ್ಕಪ್ಪನಿಗೆ ಒಪ್ಪಿಸಲು ಎರಡು ಲೋಟ ಟೀ ಬೇಕಾಯಿತು.

ಈ ದರವನ್ನು ಯಾರು ಮಾಡುತ್ತಾರೆ ಎಂದು ನೋಡಿದರೆ ದೆಹಲಿಯ ಕೆಲಸ ಹಂಚಿಕೆಯ ಮೊದಲ ಗೆಣ್ಣು ಕಾಣುತ್ತದೆ. ಖರ್ಚಿನ ಲೆಕ್ಕ ಹಾಕಿ ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ. 1965ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ್ದು, ಕೃಷಿ ಸಚಿವಾಲಯದ ಕೆಳಗಿದೆ. ಆದರೆ ಕಬ್ಬಿನ ದರವನ್ನು ಹೊರಡಿಸುವುದು ಕೃಷಿ ಸಚಿವಾಲಯವಲ್ಲ. ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವಾಲಯ, 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಬಂದ 1966ರ ಕಬ್ಬು ನಿಯಂತ್ರಣ ಆದೇಶದ ಮೂಲಕ. ಅಂದರೆ ಕೇಂದ್ರದ ಕಣ್ಣಿನಲ್ಲಿ ಗದ್ದೆ ದಾಟಿದ ಕಬ್ಬು ಬೆಳೆಯಲ್ಲ, ಇನ್ನೂ ಸಕ್ಕರೆಯಾಗದ ಸಕ್ಕರೆ. ಬೆಳೆದವನಿಗಿಂತ ತಿನ್ನುವವನ ಬಗ್ಗೆ ಯೋಚಿಸಬೇಕಾದ ಸಚಿವಾಲಯದಲ್ಲಿ ಬೆಳೆದವನ ಬೆಲೆ ಕೂತಿದೆ. ಇದು ನನಗೆ ಮೊದಲಿನಿಂದಲೂ ಸರಿಕಂಡಿಲ್ಲ.

ರಾಜ್ಯಕ್ಕೆ ಇದರಲ್ಲಿ ಮಾತೇ ಇಲ್ಲವೇ ಎಂದರೆ, ಇದೆ. ಸಂವಿಧಾನದಲ್ಲಿ ಕೃಷಿ ರಾಜ್ಯಪಟ್ಟಿಯ 14ನೇ ನಮೂದು. ಆಹಾರ ಪದಾರ್ಥಗಳ ವ್ಯಾಪಾರ, ಉತ್ಪಾದನೆ ಸಮವರ್ತಿ ಪಟ್ಟಿಯ 33ನೇ ನಮೂದು, ಇಬ್ಬರೂ ಕಾನೂನು ಮಾಡಬಹುದು. ರಾಜ್ಯಗಳು ಕಬ್ಬಿನ ಖರೀದಿಯನ್ನು ನಿಯಂತ್ರಿಸಬಹುದು ಎಂದು ಸುಪ್ರೀಂ ಕೋರ್ಟ್ 1956ರಲ್ಲೇ ಟೀಕಾ ರಾಮ್‌ಜಿ ಪ್ರಕರಣದಲ್ಲಿ ಹೇಳಿತ್ತು. ಕೇಂದ್ರದ ಕನಿಷ್ಠ ದರದ ಮೇಲೆ ರಾಜ್ಯ ಹೆಚ್ಚಿನ ದರ ಗೊತ್ತುಮಾಡಬಹುದು ಎಂದು 2020ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠ ಮತ್ತೆ ಹೇಳಿತು. ಉತ್ತರ ಪ್ರದೇಶ, ಪಂಜಾಬ್, ಹರಿಯಾಣ ಹಾಗೆ ಮಾಡುತ್ತ ಬಂದಿವೆ. ನಮ್ಮ ರಾಜ್ಯಕ್ಕೆ 2013ರ ಕಬ್ಬು ಖರೀದಿ, ಪೂರೈಕೆ ನಿಯಂತ್ರಣ ಕಾಯ್ದೆ ಇದೆ. ಆದರೂ ಹೆಚ್ಚುವರಿ ಹಣ ಹೊರಬರಬೇಕಾದರೆ ರಸ್ತೆಗೇ ಇಳಿಯಬೇಕು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ದಿನಗಟ್ಟಲೆ ಕೂತ ಮೇಲೆ ಟನ್ನಿಗೆ ಸರ್ಕಾರ 50 ರೂಪಾಯಿ, ಕಾರ್ಖಾನೆಗಳು 50 ರೂಪಾಯಿ ಹಾಕುವ ಮಾತಾಯಿತು. ಅದು ಮುಂದಿನ ಹಂಗಾಮಿನ ಮಾತು, ಚಿಕ್ಕಪ್ಪನ ಚೀಟಿಗಳಿಗೆ ತಗಲುವುದಿಲ್ಲ.

ಹಾಗಾಗಿ ದರದ ಮೇಲೆ ಅರ್ಜಿ ಬರೆಯಲಿಲ್ಲ. ಮೂರರಲ್ಲಿ ಒಂದು ಹೋಯಿತು.

ಗೆಣ್ಣು ಗೆಣ್ಣಾಗಿ

ಕೇಂದ್ರದಲ್ಲಿ ಯಾವ ವಿಷಯ ಯಾರ ಮೇಜಿಗೆ ಎಂಬುದನ್ನು ಸಂವಿಧಾನದ 77(3)ನೇ ವಿಧಿಯಡಿ ಬಂದ 1961ರ ಕಾರ್ಯಹಂಚಿಕೆ ನಿಯಮಗಳು ಹೇಳುತ್ತವೆ. ರಾಜ್ಯದಲ್ಲಿ 166(3)ನೇ ವಿಧಿಯಡಿ 1977ರ ನಿಯಮಗಳಿವೆ. ಈ ಎರಡು ಪಟ್ಟಿಗಳ ನಡುವೆ ಹೊಂದಾಣಿಕೆ ಇರಬೇಕೆಂದೇನೂ ಇಲ್ಲ, ಇರುವುದೂ ಇಲ್ಲ. ಕೇಂದ್ರದಲ್ಲಿ ಸಕ್ಕರೆ ಆಹಾರದವರ ಮಗ್ಗುಲಲ್ಲಿದೆ. ಇಲ್ಲಿ ಕಬ್ಬು ಅಭಿವೃದ್ಧಿ ಮತ್ತು ಸಕ್ಕರೆಗೆ ಪ್ರತ್ಯೇಕ ಖಾತೆ, 2023ರಲ್ಲಿ ಬಂದ ಸರ್ಕಾರದಲ್ಲಿ ಅದನ್ನು ಜವಳಿಯ ಜೊತೆ ಒಬ್ಬರೇ ಸಚಿವರಿಗೆ ಕೊಟ್ಟರು. ಜವಳಿಗೂ ಸಕ್ಕರೆಗೂ ಏನು ನಂಟು ಎಂದು ನಗುವ ಹಾಗೂ ಇಲ್ಲ: ಸಕ್ಕರೆಯ ಶೇ 20 ಭಾಗವನ್ನು ಸೆಣಬಿನ ಚೀಲದಲ್ಲೇ ತುಂಬಬೇಕು ಎಂಬ ಕಟ್ಟಳೆ ಕೇಂದ್ರದ ಜವಳಿ ಸಚಿವಾಲಯದ್ದು!

ಇನ್ನೂ ಇವೆ. ಸಿಪ್ಪೆ ಸುಟ್ಟು ಮಾಡುವ ವಿದ್ಯುತ್ತು ನವೀಕರಿಸಬಹುದಾದ ಇಂಧನದವರದು. ರಫ್ತಿನ ನೀತಿ ವಾಣಿಜ್ಯದವರದು. ಸಹಕಾರಿ ಕಾರ್ಖಾನೆಗಳಿಗೆ ಸಾಲ ಕೊಡುವ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮ (ಎನ್‌ಸಿಡಿಸಿ) 2021ರಲ್ಲಿ ಹೊಸದಾಗಿ ಹುಟ್ಟಿದ ಸಹಕಾರ ಸಚಿವಾಲಯದ ಕೆಳಗಿದೆ. ನಾಲೆಯ ನೀರು ಕಾವೇರಿ ನೀರಾವರಿ ನಿಗಮದ್ದು, ರಾಜ್ಯದ್ದು. ಆದರೆ ಅದರ ಮೇಲೊಂದು ಕಣ್ಣಿಟ್ಟಿರುವ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 2018ರಲ್ಲಿ ಬಂದದ್ದು, ಈಗ ಜಲಶಕ್ತಿ ಸಚಿವಾಲಯದ ಜೊತೆಗಿದೆ.

ಇವೆಲ್ಲ ತಮ್ಮ ಪಾಡಿಗೆ ಇದ್ದರೆ ರೈತನಿಗೆ ಗೊತ್ತೂ ಆಗುವುದಿಲ್ಲ. ಎಥೆನಾಲ್ ವಿಷಯದಲ್ಲಿ ಗೊತ್ತಾಯಿತು. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಪೆಟ್ರೋಲಿಯಂ ಸಚಿವಾಲಯದ್ದು. ಕಾರ್ಖಾನೆಗಳು ಆ ನಂಬಿಕೆಯ ಮೇಲೆ ಸಾಲ ಮಾಡಿ ಡಿಸ್ಟಿಲರಿ ಹಾಕಿದವು. 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾಗುವ ಸೂಚನೆ ಕಂಡಾಗ, ಡಿಸೆಂಬರ್ 7ಕ್ಕೆ ಆಹಾರ ಸಚಿವಾಲಯ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ಮಾಡಬೇಡಿ ಎಂದುಬಿಟ್ಟಿತು. ತಡೆ ಪೂರ್ತಿ ತೆರವಾದದ್ದು 2024ರ ಆಗಸ್ಟ್‌ನಲ್ಲಿ. ಒಂದು ಸಚಿವಾಲಯ ಕರೆದು ಕೂರಿಸಿದ ಪಂಕ್ತಿಯಿಂದ ಇನ್ನೊಂದು ಎಬ್ಬಿಸಿದ ಹಾಗೆ. ಇಬ್ಬರೂ ತಮ್ಮ ಕೆಲಸವನ್ನೇ ಮಾಡಿದ್ದರು ಅನ್ನುವುದು ಬೇರೆ ಮಾತು. ಅದೇ ಸ್ಪಿರಿಟ್ಟಿನ ಮೇಲೆ ರಾಜ್ಯಕ್ಕೂ ಹಕ್ಕಿದೆ. ಕೈಗಾರಿಕಾ ಮದ್ಯಸಾರವನ್ನು ರಾಜ್ಯಗಳು ನಿಯಂತ್ರಿಸಬಹುದು ಎಂದು 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1ರ ಬಹುಮತದಿಂದ ತೀರ್ಪು ಕೊಟ್ಟಿತು.

ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ತದ್ವಿರುದ್ಧ. ಅರ್ವಿನ್ ನಾಲೆ, ಅಂದರೆ ಈಗಿನ ವಿ.ಸಿ. ನಾಲೆ, ಅದರ ಕೆಳಗೆ ಕಬ್ಬು, ಅದನ್ನು ಅರೆಯಲು 1933ರಲ್ಲಿ ಹುಟ್ಟಿದ ಮೈಶುಗರ್, ಎಲ್ಲಕ್ಕೂ ಮೇಲೆ ಒಂದೇ ದಿವಾನರ ಕಚೇರಿ. ಮಿರ್ಜಾ ಇಸ್ಮಾಯಿಲ್ ದಿವಾನರು, ಲೆಸ್ಲಿ ಕೋಲ್ಮನ್ ಕೃಷಿಯ ಕಡೆಯಿಂದ ಒತ್ತಾಸೆ. ಆಗ ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ದಿವಾನರ ಹತ್ತಿರ ಬಾಕಿ ಕೇಳಲು ಹೋಗುವ ಧೈರ್ಯ ನಮ್ಮ ಮುತ್ತಜ್ಜನಿಗೆ ಇತ್ತೋ ಇಲ್ಲವೋ. ಆದರೆ ಹೋದರೆ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿತ್ತು.

ನಮ್ಮವರೇ ಮಂತ್ರಿ

ಚಿಕ್ಕಪ್ಪನ ಮುಂದಿನ ಮಾತು ಊರಿನ ಎಲ್ಲರ ಮಾತು. ‘ನಮ್ ಎಂಪಿನೇ ಡೆಲ್ಲಿ ಮಂತ್ರಿ ಅವ್ರೆ, ಅವ್ರಿಗೇ ಕೊಡಾಣ.’

ನಿಜ. 2024ರ ಜೂನ್‌ನಿಂದ ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಸಚಿವರು. ಅವರ ಖಾತೆ ಭಾರಿ ಕೈಗಾರಿಕೆ ಮತ್ತು ಉಕ್ಕು. ಸಕ್ಕರೆ ಕಾರ್ಖಾನೆ ನೋಡಲು ಎಷ್ಟೇ ಭಾರಿಯಾಗಿದ್ದರೂ ಆ ಖಾತೆಯಲ್ಲಿಲ್ಲ. ರಾಜ್ಯದ ಕಡೆ ನೋಡಿದರೆ ಆಗ ಜಿಲ್ಲಾ ಉಸ್ತುವಾರಿ ಸಚಿವರು ಎನ್. ಚಲುವರಾಯಸ್ವಾಮಿ, ಮಂಡ್ಯ ಜಿಲ್ಲೆಯವರೇ, ಕೃಷಿ ಸಚಿವರು. ಕಬ್ಬಿನ ಬೆಲೆ, ಬಾಕಿ ಕೃಷಿ ಖಾತೆಯಲ್ಲೂ ಇಲ್ಲ. ಸಕ್ಕರೆ ಸಚಿವರು ವಿಜಯಪುರ ಜಿಲ್ಲೆಯವರು. ಕೇಂದ್ರದಲ್ಲಿ ಆಹಾರ ಖಾತೆ ಇದ್ದದ್ದೂ ಕನ್ನಡಿಗರ ಕೈಯಲ್ಲೇ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ನವೀಕರಿಸಬಹುದಾದ ಇಂಧನವೂ ಅವರದೇ ಆದ್ದರಿಂದ ಸಕ್ಕರೆಯೂ ಸಿಪ್ಪೆಯೂ ಅಕಸ್ಮಾತ್ ಒಂದೇ ಮನೆ ಸೇರಿದ್ದವು.

ಮನವಿ ಕೊಡುವುದರಿಂದ ನಷ್ಟವಿಲ್ಲ. ಜನಪ್ರತಿನಿಧಿಯ ಒಂದು ಫೋನಿಗೆ ಇರುವ ತೂಕ ಹತ್ತು ಅರ್ಜಿಗಿಲ್ಲ ಎಂಬುದು ಅಂಗಡಿಯಲ್ಲಿ ಕೂತು ನಾನು ಕಂಡದ್ದು. ಆದರೆ ಆ ಫೋನು ಹೋಗುವುದು ಸಂಸದರಾಗಿ, ಸಚಿವರಾಗಿ ಅಲ್ಲ. ಸಹಿ ಹಾಕುವ ಅಧಿಕಾರ ಬೇರೆ, ಮಾತು ಹೇಳುವ ಅಧಿಕಾರ ಬೇರೆ.

ಇದಕ್ಕೂ ಮೊದಲು ಚಿಕ್ಕಪ್ಪ ಗ್ರಾಮ ಪಂಚಾಯಿತಿಗೂ ಹೋಗಿದ್ದರು. ಪಂಚಾಯಿತಿ ಠರಾವು ಮಾಡಿ ಕಳಿಸಿತ್ತು. 73ನೇ ತಿದ್ದುಪಡಿಯ ಜೊತೆ ಬಂದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಮೊದಲನೆಯದೇ ಕೃಷಿ. ಆದರೂ ಊರಿನ ಅತಿ ದೊಡ್ಡ ಬೆಳೆಯ ವಿಷಯದಲ್ಲಿ ಪಂಚಾಯಿತಿಯ ಪಾಲಿಗೆ ಬರುವುದು ಕಬ್ಬಿನ ಲಾರಿಗಳು ಕಿತ್ತುಹಾಕಿದ ಊರೊಳಗಿನ ರಸ್ತೆ.

ತೂಕ

ಎರಡನೇ ಲೋಡಿನ ಚೀಟಿ ಮುಂದಿಟ್ಟುಕೊಂಡೆ. ಒಟ್ಟು 19,860 ಕಿಲೋ, ಖಾಲಿ ಲಾರಿ 6,640, ನಿವ್ವಳ 13,220. ಥರ್ಮಲ್ ಕಾಗದ, ಒಂದು ತಿಂಗಳಿಗೇ ದಿನಾಂಕದ ಸಾಲು ಮಾಸಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. (ಚೀಟಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ. ವ್ಯಾಪಾರಕ್ಕೆ ಹೇಳುತ್ತಿಲ್ಲ.) ದಾರಿಯಲ್ಲಿ ಡ್ರೈವರನಿಗೆ ಹೇಳಿ ಖಾಸಗಿ ತೂಕದ ಸೇತುವೆಯೊಂದರಲ್ಲಿ (ವೇಬ್ರಿಜ್) ಅದೇ ಲಾರಿಯನ್ನು ತೂಗಿಸಿದ್ದರು. ಅಲ್ಲಿ 20,180. ವ್ಯತ್ಯಾಸ 320 ಕಿಲೋ, ದುಡ್ಡಿನಲ್ಲಿ ಸಾವಿರದ ಎಂಟು ರೂಪಾಯಿ.

ತೂಕದ ದೂರು ಸಕ್ಕರೆ ಇಲಾಖೆಗೆ ಮೊದಲು ಹೋಗಬಾರದು. ತೂಕದ ಮಾನ ಯಾವುದು, ಕಿಲೋ ಎಂದರೆ ಎಷ್ಟು ಎಂಬುದು ಕೇಂದ್ರಪಟ್ಟಿಯ 50ನೇ ನಮೂದು. ಅಂಗಡಿಯ ತಕ್ಕಡಿ ಆ ಮಾನಕ್ಕೆ ಸರಿಯಿದೆಯೇ ಎಂದು ನೋಡುವುದು ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು 33ಎ ಎಂದು ಸಮವರ್ತಿ ಪಟ್ಟಿಗೆ ತಂದಿತು. ಈಗ 2009ರ ಕಾಯ್ದೆ ಕೇಂದ್ರದ್ದು, ಇನ್‌ಸ್ಪೆಕ್ಟರ್ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯವರು. ನಮ್ಮ ಒಂದು ಪುಟದ ಅರ್ಜಿಯಲ್ಲಿ ಇದ್ದದ್ದು ದಿನಾಂಕ, ಲಾರಿ ನಂಬರು, ಎರಡು ಚೀಟಿಯ ನಕಲು, ಯಂತ್ರವನ್ನು ಪರೀಕ್ಷಿಸಿ ಎಂಬ ಒಂದು ಸಾಲು. ಬಾಕಿಯ ಮಾತು ಒಂದಕ್ಷರ ಇಲ್ಲ.

ಇನ್‌ಸ್ಪೆಕ್ಟರ್ ಬಂದರು. ಮುದ್ರೆ ಹೊಡೆದ ತೂಕದ ಕಲ್ಲುಗಳನ್ನಿಟ್ಟು ಕಾರ್ಖಾನೆಯ ಸೇತುವೆಯನ್ನು ರೈತರ ಎದುರೇ ನೋಡಿದರು. ವ್ಯತ್ಯಾಸ ನಿಯಮ ಬಿಡುವಷ್ಟರ ಒಳಗೇ ಇತ್ತು. ಅದೇ ಓಡಾಟದಲ್ಲಿ ದಾರಿಯ ಖಾಸಗಿ ಸೇತುವೆಯನ್ನೂ ನೋಡಿದರು. ತೂಕದ ಸೇತುವೆಗೆ ಹನ್ನೆರಡು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಅವರದ್ದು ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಚಿಕ್ಕಪ್ಪ ಸಾಕ್ಷಿಗೆ ಕರೆದುಕೊಂಡು ಹೋದವರೇ ಸಿಕ್ಕಿಬಿದ್ದರು. ತೂಕದ ದೂರು ಅಲ್ಲಿಗೆ ಬಿತ್ತು.

ನನಗೆ ಇದರಲ್ಲಿ ಬೇಸರವಿಲ್ಲ. ಮೂರು ದೂರಿನಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂಬ ನೇರ ಉತ್ತರ ಸಿಕ್ಕಿದ್ದು ಇದೊಂದಕ್ಕೇ. ಮಾನ ಹೇಳುವವರು ಒಬ್ಬರು, ನೋಡುವವರು ಇನ್ನೊಬ್ಬರು ಆದರೂ ನೋಡುವವರ ಕೈಗೆ ಕಲ್ಲು, ಮುದ್ರೆ, ದಂಡದ ಪುಸ್ತಕ ಮೂರನ್ನೂ ಕೊಟ್ಟಿದ್ದಾರೆ.

ಬಾಕಿ

ಬಾಕಿಯಲ್ಲಿ ಹಾಗಿಲ್ಲ. 1966ರ ಆದೇಶದ 3(3)ರ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ 3(3ಎ) ಪ್ರಕಾರ ವರ್ಷಕ್ಕೆ ಶೇ 15ರ ಬಡ್ಡಿ. ಆಮೇಲೂ ಕೊಡದಿದ್ದರೆ 3(8)ರಂತೆ ಜಿಲ್ಲಾಧಿಕಾರಿ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ಓದಲು ಬಲವಾಗಿದೆ. ಆದರೆ ಬರೆದವರು ದೆಹಲಿಯ ಆಹಾರ ಸಚಿವಾಲಯ. ಬಾಕಿ ಎಷ್ಟೆಂದು ಲೆಕ್ಕ ಇಡುವವರು ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರು ಮತ್ತು ಸಕ್ಕರೆ ನಿರ್ದೇಶಕರು. ಹೋಗಿ ಬೀಗ ಹಾಕಬೇಕಾದವರು ಕಂದಾಯ ಇಲಾಖೆಯವರು. ದರ ಗೊತ್ತುಮಾಡಿದವರಿಗೆ ವಸೂಲಿ ಮಾಡುವ ಕೈಯಿಲ್ಲ; ಕೈಯಿದ್ದವರಿಗೆ ಕಾರ್ಖಾನೆಯ ಗಂಟು ಬಿಚ್ಚಿ ನೋಡುವ ಅಧಿಕಾರ ಅರ್ಧ. ಇಷ್ಟೂ ಪ್ರಕರಣದಲ್ಲಿ ನನ್ನ ತಕರಾರು ಇರುವುದು ಇಲ್ಲಿ.

ಕಾರ್ಖಾನೆಯವರ ಉತ್ತರವನ್ನೂ ಹೇಳಬೇಕು. ಸಕ್ಕರೆ ಗೋದಾಮಿನಲ್ಲಿದೆ, ಬೇಕೆಂದಾಗ ಮಾರುವ ಹಾಗಿಲ್ಲ ಎಂದರು. ಅದು ನೆಪವೂ ಹೌದು, ನಿಜವೂ ಹೌದು. 2018ರಿಂದ ಯಾವ ಕಾರ್ಖಾನೆ ತಿಂಗಳಿಗೆ ಎಷ್ಟು ಸಕ್ಕರೆ ಮಾರಬೇಕೆಂದು ಕೇಂದ್ರವೇ ಕೋಟಾ ಕೊಡುತ್ತದೆ. ಕಿಲೋಗೆ ಇದಕ್ಕಿಂತ ಕಡಿಮೆಗೆ ಮಾರಬೇಡಿ ಎಂಬ ದರವನ್ನು 2019ರ ಫೆಬ್ರವರಿಯಲ್ಲಿ 31 ರೂಪಾಯಿ ಮಾಡಿದ ಮೇಲೆ ಕಬ್ಬಿನ ದರ ವರ್ಷ ವರ್ಷ ಏರಿತು, ಅದು ವರ್ಷಗಟ್ಟಲೆ ಅಲ್ಲೇ ಕೂತಿತು.

ಅರ್ಜಿಯನ್ನು ಕಬ್ಬು ಆಯುಕ್ತರ ಹೆಸರಿಗೆ ಬರೆದು, ನಕಲನ್ನು ಜಿಲ್ಲಾಧಿಕಾರಿಗೆ ಕೊಟ್ಟೆವು. ಸೆಪ್ಟೆಂಬರ್ 20ಕ್ಕೆ 14 ದಿನ ಮುಗಿಯಿತು, ಅಂದಿನಿಂದ 50,040ಕ್ಕೆ ದಿನಕ್ಕೆ 20 ರೂಪಾಯಿ 56 ಪೈಸೆ ಬಡ್ಡಿ ಎಂದು ಲೆಕ್ಕ ಹಾಕಿ ತೋರಿಸಿದೆ. ‘ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಸಾಲು ಹಾಕಲಿಲ್ಲ. ಆ ಸಾಲಿರುವ ಅರ್ಜಿ ಅದೇ ಸಾಲಿನೊಂದಿಗೆ ಇನ್ನೊಂದು ಕಚೇರಿಗೆ ಹೋಗುತ್ತದೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು: ಈ ಕಾರ್ಖಾನೆಯ ಬಾಕಿ ಎಷ್ಟು, 3(8)ರ ಕ್ರಮಕ್ಕೆ ಪತ್ರ ಹೋಗಿದೆಯೇ, ಹೋಗಿದ್ದರೆ ಯಾವ ದಿನ? ಮಾಹಿತಿ ಹಕ್ಕಿನ ಅರ್ಜಿ ತಪ್ಪು ಬಾಗಿಲಿಗೆ ಹೋದರೂ 6(3)ರ ಪ್ರಕಾರ ಐದು ದಿನದೊಳಗೆ ಸರಿಯಾದ ಬಾಗಿಲಿಗೆ ತಲುಪಿಸಲೇಬೇಕು. ದೂರಿಗೆ ಅಂಥ ಭಾಗ್ಯವಿಲ್ಲ.

ನವೆಂಬರ್‌ನಲ್ಲಿ 25,000 ಬಂತು. ಡಿಸೆಂಬರ್ 19ಕ್ಕೆ ಉಳಿದ 25,040. ನಮ್ಮ ಅರ್ಜಿಯಿಂದ ಬಂತೋ, ಊರಿನವರೆಲ್ಲ ಹೋಗಿ ಗೇಟಿನ ಮುಂದೆ ಕೂತದ್ದರಿಂದ ಬಂತೋ, ತಿಂಗಳ ಕೋಟಾ ಬಿಡುಗಡೆಯಾಗಿ ಬಂತೋ, ಎದೆ ತಟ್ಟಿ ಹೇಳಲಾರೆ. ಬಡ್ಡಿ ಬರಲಿಲ್ಲ. ಕಂತಿನ ಲೆಕ್ಕ ತೆಗೆದರೆ ಸಾವಿರದ ಚಿಲ್ಲರೆ ಆಗುತ್ತದೆ. ಅಸಲು ಬಂದ ಮೇಲೆ ಬಡ್ಡಿಯ ಮಾತೆತ್ತುವವನನ್ನು ಊರಲ್ಲೂ ಕಚೇರಿಯಲ್ಲೂ ಒಂದೇ ಥರ ನೋಡುತ್ತಾರೆ.

‘ಬುಡು ಮಗ, ಸಾವ್ರಕ್ಕೆ ಎಷ್ಟ್ ಸಲ ಬಸ್ ಹತ್ತನ?’ ಅಂದರು ಚಿಕ್ಕಪ್ಪ. ಬಿಡಲಿಲ್ಲ. ಬಡ್ಡಿಗೆಂದೇ ಬೇರೆ ಅರ್ಜಿ ಹಾಕಿ ಟಪಾಲಿನ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ಈ ಸಲ ಕೂಳೆ ಕಬ್ಬಿನಲ್ಲಿ ಒಂದೆಕರೆಯನ್ನು ಚಿಕ್ಕಪ್ಪ ಆಲೆಮನೆಗೆ ಕೊಟ್ಟರು. ಅಲ್ಲಿ ಎಫ್‌ಆರ್‌ಪಿ ಇಲ್ಲ, 14 ದಿನ ಇಲ್ಲ, ಶೇ 15 ಇಲ್ಲ. ದರ ಕಾರ್ಖಾನೆಗಿಂತ ಕಡಿಮೆ ಸಿಕ್ಕಿತು. ದುಡ್ಡನ್ನು ಆಲೆಮನೆಯವನು ಕೊಪ್ಪರಿಗೆಯ ಪಕ್ಕದಲ್ಲೇ ಎಣಿಸಿ ಕೊಟ್ಟ. ಮಿಕ್ಕಿದ್ದಕ್ಕೆ ಕಾರ್ಖಾನೆಯ ಜೊತೆ ಒಪ್ಪಿಗೆ ಬರೆದುಕೊಟ್ಟಿದ್ದಾರೆ, ಕಟಾವಿಗೆ ಅಕ್ಟೋಬರ್ 1 ದಾಟಲಿ ಎಂದು ಫೀಲ್ಡ್‌ಮನ್‌ಗೆ ಈಗಿನಿಂದಲೇ ಹೇಳಿಟ್ಟಿದ್ದಾರೆ.